ಸಿಂಹ ಅವರಿಗೆ ರಂಗಭೂಮಿ ಮೆಟ್ಟಿಲಾಗಿರಲಿಲ್ಲ

ನಟ, ನಿರ್ದೇಶಕ ಸಿ.ಆರ್. ಸಿಂಹ ಅವರನ್ನು ಕುರಿತು ನಾನು ಓದಿದ ಲೇಖನವೊಂದರಲ್ಲಿ, ರಂಗಭೂಮಿಯು ಅವರಿಗೆ ಚಿತ್ರರಂಗ ಪ್ರವೇಶಿಸಲು ಮೆಟ್ಟಿಲಾಯಿತು ಎಂದಿರುವುದನ್ನು ನಾನು ಒಪ್ಪಲಾರೆ. 1972ರಲ್ಲಿ ಗೆಳೆಯರೊಡನೆ ಬೆಂಗಳೂರಿನಲ್ಲಿ ‘ನಟರಂಗ’ ನಾಟಕ ತಂಡವನ್ನು ಕಟ್ಟಿ, ಮಾಸ್ತಿಯವರ ‘ಕಾಕನಕೋಟೆ’ಯನ್ನು ರಂಗಕ್ಕೆ ತಂದು, 1977ರಲ್ಲಿ ಅದೇ ನಾಟಕವನ್ನು ತಾವೇ ನಿರ್ದೇಶಿಸಿ ಚಲನಚಿತ್ರವಾಗಿಸಿದವರು ಅವರು, ಅಂದರೆ ರಂಗಭೂಮಿಯನ್ನು ಬಿಟ್ಟು ಹೋಗಲಿಲ್ಲ, ಅದನ್ನೇ ಜೊತೆಗೆ ಕರೆದೊಯ್ದರು. ಬಿ.ವಿ. ಕಾರಂತರ ನಿರ್ದೇಶನದ ‘ತುಘಲಕ್’ ನಾಟಕದಲ್ಲಿ ಅವರು ಮಾಡಿದ ತುಘಲಕನ ಪಾತ್ರಕ್ಕೆ ಆ ಲೇಖನ ಬರೆದವರು ಒಂದೇ ಸಾಲು ಕೊಟ್ಟು, ಸಿನಿಮಾದ ಖಳನ ಪಾತ್ರಗಳಿಗೆ ಎರಡು ಪ್ಯಾರಾ ಮೀಸಲಿಟ್ಟಿರುವುದು ಸರಿಯಾದ ಅಳತೆಯಲ್ಲ.

ನಾಟಕಕಾರ ಕೈಲಾಸಂ ಅವರನ್ನು ಕುರಿತ, ಸಿಂಹ ಅವರ ‘ಟಿಪಿಕಲ್ ಟಿ.ಪಿ. ಕೈಲಾಸಂ’ ಏಕವ್ಯಕ್ತಿ ಪ್ರಯೋಗವನ್ನು ನಾನು ಹಿಂದಿನ ಸಾಲಿನಲ್ಲಿ ಕುಳಿತು (ಟಿಕೆಟ್ ಸಿಕ್ಕಿದ್ದೇ ಅಲ್ಲಿ) ನೋಡಿದ್ದೇನೆ. ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ಉಸಿರಿನಲ್ಲಿ ಜಿಗಿಯುತ್ತಿದ್ದ ಆ ಮಾತಿನಲ್ಲಿ ಒಂದು ಪದದ ಕೊನೆಯಕ್ಷರವೂ ನಮ್ಮ ಸಾಲಿಗೆ ತಲುಪದೆ ಉಳಿಯಲಿಲ್ಲ. ನಗು ಅಡಗುವವರೆಗೆ ಅವರು ಸುಮ್ಮನೆ ಕಾದು ನಿಂತಿದ್ದೂ ಅಭಿನಯವೇ ಆಗಿತ್ತು. ಕ್ಯಾಮೆರಾದ ಮುಂದೆ ಅಂಥ ಕಾಯುವಿಕೆಗೆ ಅವರಿಗೆ ಅವಕಾಶ ದೊರೆತದ್ದು ತೀರಾ ಕಡಿಮೆ.