ಹೊಳೆ ಹಿಂದಕ್ಕೆ ಹರಿಯಲ್ಲ, ನಾನೂ ಅಷ್ಟೇ

ಕಾರಲ್ಲಿ ಟ್ರೆಕ್ಕಿಂಗ್ ಹೋಗೋರನ್ನ ನೋಡಿದ್ರೆ ನಂಗೆ ಗೂಟಕ್ಕೆ ಕಟ್ಟಿದ ಹಸು ನೆನಪಾಗತ್ತೆ. ಹಗ್ಗ ಎಷ್ಟುದ್ದ ಇದ್ಯೋ ಅಷ್ಟು ದೂರ ಮೇಯಬಹುದು, ಆಮೇಲೆ ತಿರುಗಿ ಗೂಟದ ಹತ್ರಾನೇ ಬರ್ಬೇಕು. ಕಾಡಿನ ಬಾಯಲ್ಲಿ ನಿಲ್ಸಿರೋ ಕಾರೇ ಆ ಗೂಟ. ಹತ್ತು ಕಿಲೋಮೀಟರ್ ನಡೀಬೇಕು ಅಂದ್ರೆ ಐದು ಹೋಗೋದು, ಅದೇ ಐದು ವಾಪಸ್ ಬರೋದು, ಅದೇ ಮರ ಅದೇ ಬಂಡೆ ಅದೇ ಕೆಸರು, ಬೆಳಗ್ಗೆ ಕಾಲು ಜಾರಿದ ಜಾಗದಲ್ಲೇ ಸಂಜೆ ಇನ್ನೊಂದ್ಸಲ ಜಾರೋದು. ಬಸ್ಸಲ್ಲೋ ರೈಲಲ್ಲೋ ಹೋದವನಿಗೆ ಈ ಹಗ್ಗ ಇಲ್ಲ. ಒಂದೂರಲ್ಲಿ ಇಳ್ದು ಇನ್ನೊಂದೂರಲ್ಲಿ ಹತ್ತಿದ್ರೆ ಆಯ್ತು.

(ಇದು ಕಾರಿಲ್ಲದವನ ಹೊಟ್ಟೆಕಿಚ್ಚು ಅನ್ನೋರಿದಾರೆ. ಇರಬಹುದು. ಹಸು ಮಾತ್ರ ಹಸುನೇ.)

ಹೊಳೆ ಕಣಿವೆಗೆ ಅಂತೂ ಇದು ಹೇಳಿ ಮಾಡಿಸಿದ ಹಾಗಿದೆ, ಯಾಕಂದ್ರೆ ಹೊಳೆನೂ ಬಂದ ದಾರೀಲಿ ವಾಪಸ್ ಹೋಗಲ್ಲ. ಅದ್ರ ಜೊತೇಲೇ ಎಷ್ಟೋ ಕಡೆ ರೈಲೂ ಹೋಗತ್ತೆ. ಅದೇನು ಇಂಜಿನಿಯರುಗಳಿಗೆ ನೀರು ನೋಡೋ ಆಸೆ ಅಂತಲ್ಲ, ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಗಾಲಿಗೆ ಹಿಡಿತ ಕಮ್ಮಿ, ನಲವತ್ತು ಮೀಟರಿಗೆ ಒಂದು ಮೀಟರ್ ಏರಿದ್ರೇನೇ ಮಾಮೂಲಿ ರೈಲಿಗೆ ಏದುಸಿರು ಬರತ್ತೆ. ಬೆಟ್ಟದ ಮಧ್ಯೆ ಮೆಲ್ಲಗೆ ಇಳಿಯೋ ದಾರಿನ ಹೊಳೆ ಲಕ್ಷಾಂತರ ವರ್ಷದಿಂದ ಕೊರೆದಿಟ್ಟಿರತ್ತೆ, ರೈಲು ಅದ್ರ ಪಕ್ಕದಲ್ಲೇ ಜಾಗ ಮಾಡ್ಕೊಂಡು ಕೂತಿದೆ ಅಷ್ಟೇ. ಜರ್ಮನಿಯ ರೈನ್ ಕಣಿವೇಲಿ ನದಿಯ ಎರಡೂ ದಡಕ್ಕೆ ರೈಲಿದೆ, ಬಲದಂಡೆಯ ಗುಡ್ಡದ ಮೇಲೆ ಬಾನ್‌ನಿಂದ ವೀಸ್‌ಬಾಡನ್‌ವರೆಗೆ ಸುಮಾರು 320 ಕಿಲೋಮೀಟರಿನ ರೈನ್‌ಸ್ಟೈಗ್ ಅನ್ನೋ ಕಾಲುದಾರಿ. 320 ಕೇಳಿ ಹೆದರಬೇಕಾಗಿಲ್ಲ, ಕೆಳಗಡೆ ಊರೂರಿಗೂ ಸ್ಟೇಷನ್ ಇದೆ, ನಿಮ್ಮ ಮಂಡಿ ಎಲ್ಲಿ ಕೈಕೊಡ್ತೋ ಅದೇ ಕೊನೇ ಊರು. ಇಂಗ್ಲೆಂಡಿನ ಈಡೇಲ್‌ನಲ್ಲಿ ರೈಲಿಳಿದು ಸ್ವಲ್ಪ ದೂರ ನಡೆದ್ರೆ ಪೆನ್ನೈನ್ ವೇ ಅನ್ನೋ ಕಾಲುದಾರಿ ಶುರುವಾಗತ್ತೆ, 1965ರಲ್ಲಿ ತೆರೆದಿದ್ದು, ನಾನೂರು ಕಿಲೋಮೀಟರಿಗೂ ಜಾಸ್ತಿ ಉದ್ದ. ಪೂರ್ತಿ ಮಾಡಿದ್ಯಾ ಅಂತ ಅಲ್ಲಿ ಯಾರೂ ನಿಂತು ಕೇಳಲ್ಲ, ಅರ್ಧ ದಿನ ನಡೆದು ವಾಪಸ್ ರೈಲು ಹತ್ತಬಹುದು.

ಈಗ ಒಂದು ಸುಳ್ಳನ್ನ ಒಪ್ಕೊಂಡುಬಿಡ್ತೀನಿ. ಹಗ್ಗ ಇಲ್ಲ ಅಂದ್ನಲ್ಲ, ಇದೆ. ನೆಲದ ಮೇಲಿಲ್ಲ, ಗಡಿಯಾರದಲ್ಲಿದೆ. ಕೊನೇ ಬಸ್ಸು ಅಂತಾರೆ ಅದಕ್ಕೆ.

ನಾನು ಕಲ್ತಿದ್ದು ಇಷ್ಟು: ಬೆಳಗ್ಗೆನೇ ದೂರದ ತುದಿಗೆ ಹೋಗ್ಬಿಡ್ಬೇಕು, ದಿನಕ್ಕೆ ಎರಡೋ ಮೂರೋ ಬಸ್ ಬರೋ ಊರಿಗೆ, ಅಲ್ಲಿಂದ ಗಂಟೆ ಗಂಟೆಗೂ ಬಸ್ಸೋ ರೈಲೋ ಇರೋ ಊರಿನ ಕಡೆ ನಡೀಬೇಕು. ಲೇಟಾದ್ರೂ ಒಂದಲ್ಲ ಒಂದು ಸಿಗತ್ತೆ. ಇಷ್ಟು ಬುದ್ಧಿ ಹೇಳೋ ನಾನು ಒಂದ್ಸಲ ಉಲ್ಟಾ ಮಾಡಿದೀನಿ ಅಂತ ಬೇರೆ ಹೇಳ್ಬೇಕಾ. ಸ್ಟೇಷನ್ನಲ್ಲಿ ಇಳ್ದು ಹೊಳೆ ಮೇಲ್ಮುಖವಾಗಿ ನಡ್ಕೊಂಡು, ನಾಲ್ಕು ಮನೆ ಇರೋ ಒಂದು ಊರು ಮುಟ್ಟಿ, ಐದೂ ಹತ್ತರ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇದೆ ಅಂತ ಜಂಬದಿಂದ ಕೂತೆ. ಐದೂವರೆ ಆಯ್ತು. ಆರಾಯ್ತು. ಆಗ ಟೈಮ್ ಟೇಬಲ್ ಹತ್ರ ಮುಖ ತಗೊಂಡೋಗಿ ನೋಡಿದ್ರೆ ಐದೂ ಹತ್ತರ ಪಕ್ಕ ಸಾಸಿವೆ ಕಾಳಷ್ಟು ಒಂದು ನಕ್ಷತ್ರ, ಕೆಳಗೆ ಅದಕ್ಕಿಂತ ಸಣ್ಣಕ್ಷರದಲ್ಲಿ 'ಶಾಲೆ ಇರುವ ದಿನಗಳಲ್ಲಿ ಮಾತ್ರ'. ಹಾಡುಹಗಲೇ ನಕ್ಷತ್ರ ಕಾಣೋದು ಅಂತಾರಲ್ಲ, ಹಂಗಂದ್ರೇನು ಅಂತ ಅವತ್ತು ಗೊತ್ತಾಯ್ತು. ಅವತ್ತು ಭಾನುವಾರ. ಯಾರೋ ಪುಣ್ಯಾತ್ಮರು ಗಾಡೀಲಿ ಕೂರಿಸ್ಕೊಂಡು ಸ್ಟೇಷನ್ ಮುಟ್ಟಿಸಿದ್ರು. ಹೌದು, ಕಾರೇ. ನಗಬೇಡಿ.

ಎಷ್ಟು ಹೊತ್ತು ಬೇಕಾಗತ್ತೆ ಅನ್ನೋ ಲೆಕ್ಕಾನೂ ಹೀಗೇ ಮೋಸ ಮಾಡತ್ತೆ. ನೈಸ್ಮಿತ್ ಅಂತ ಸ್ಕಾಟ್‌ಲೆಂಡಿನ ಒಬ್ಬ ಪರ್ವತಾರೋಹಿ 1892ರಲ್ಲೇ ಒಂದು ಸೂತ್ರ ಕೊಟ್ಟಿದಾನೆ, ಹೆಚ್ಚೂಕಮ್ಮಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದ್ರ ಮೇಲೆ ಆರ್ನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ಹನ್ನೆರಡು ಕಿಲೋಮೀಟರ್, ಒಟ್ಟು ಮುನ್ನೂರು ಮೀಟರ್ ಏರು ಅಂದ್ರೆ ಮೂರು ಗಂಟೇಲಿ ಮುಗೀಬೇಕು. ನಂಗೆ ಐದು ಹಿಡಿಯತ್ತೆ. ಆ ಮನುಷ್ಯ ಎಲ್ಲೂ ನಿಂತು ಬೂಟಿನ ಕಲ್ಲು ಕೊಡವಿದ ಹಾಗೆ ಕಾಣಲ್ಲ, ಸಿಕ್ಕಿದ ಅಣಬೆಗೆಲ್ಲ ಮಂಡಿಯೂರಿ ಫೋಟೋ ತೆಗೆಯೋ ಸ್ನೇಹಿತರೂ ಅವನಿಗಿರಲಿಲ್ಲ ಅನ್ಸತ್ತೆ. ಸ್ವಿಟ್ಜರ್‌ಲೆಂಡಿನ ಹಳದಿ ಬೋರ್ಡುಗಳು ಈ ವಿಷಯದಲ್ಲಿ ವಾಸಿ, ಕಿಲೋಮೀಟರ್ ಬಿಟ್ಟು ಇಷ್ಟು ಗಂಟೆ ಇಷ್ಟು ನಿಮಿಷ ಅಂತ ಬರೆದಿರ್ತಾರೆ, ಬಸ್ ಹಿಡಿಯೋನಿಗೆ ಬೇಕಾಗಿರೋದೂ ಅದೇ ತಾನೆ.

ಹೊಳೆ ಜೊತೆ ಕೆಳಗೆ ನಡೆಯೋದು ಬರೀ ಇಳಿಜಾರು ಅಂತ ಹೇಳೋರನ್ನೂ ನಂಬಬೇಡಿ, ಅವರು ಮ್ಯಾಪಲ್ಲಿ ನಡೆದಿರೋರು. ಹೊಳೆ ತಿರುವಿನಲ್ಲಿ ಹೊರಗಿನ ದಂಡೆನ ಕೊರೀತಾ ಹೋಗತ್ತೆ, ಒಳಗಿನ ದಂಡೆಗೆ ಮರಳು ಹಾಕತ್ತೆ, ಕೊರೆದ ಕಡೆ ಕಾಲಿಡೋಕೆ ಜಾಗ ಇಲ್ದೆ ದಾರಿ ಗುಡ್ಡ ಹತ್ತಿ ಮತ್ತೆ ಇಳಿಯತ್ತೆ. ಅದು ಸಾಲದು ಅಂತ ಪಕ್ಕದ ಗುಡ್ಡದಿಂದ ಒಂದೊಂದು ಹಳ್ಳ ಬಂದು ಸೇರ್ದಾಗ್ಲೂ ಇಳಿ, ದಾಟು, ಹತ್ತು. ಹಳ್ಳ ಅಂದ್ರೆ ಇನ್ನೊಂದು ಮಾತು ಹೇಳ್ಬೇಕು, ಇದು ತಮಾಷೆ ಅಲ್ಲ. ತಿಳಿಯಾಗಿದ್ದ ನೀರು ಇದ್ದಕ್ಕಿದ್ದ ಹಾಗೆ ಕದಡಿ ಎಲೆ ಕಡ್ಡಿ ತೇಲಿ ಬರೋಕೆ ಶುರುವಾದ್ರೆ ಮೇಲೆಲ್ಲೋ ಜೋರು ಮಳೆ ಬಿದ್ದಿದೆ ಅಂತ, ನಿಮ್ಮ ತಲೆ ಮೇಲೆ ಬಿಸಿಲು ಕಾಯ್ತಿದ್ರೂ ಸರಿ, ದಾಟೋ ಯೋಚನೆ ಬಿಟ್ಟು ದಂಡೆಯಿಂದ ಮೇಲಕ್ಕೆ ಹೋಗ್ಬೇಕು. ಆ ಬಸ್ ಹೋದ್ರೆ ಹೋಗ್ಲಿ.

ಕತ್ತಲಾಗೋದೂ ಕಣಿವೇಲಿ ಬೇಗ. ಸೂರ್ಯ ಮುಳುಗೋ ಟೈಮು ಅಂತ ಫೋನು ಹೇಳೋದು ಬಯಲಿನ ಲೆಕ್ಕ, ಇಲ್ಲಿ ಅದಕ್ಕೆ ಎಷ್ಟೋ ಮುಂಚೆನೇ ಸೂರ್ಯ ಗುಡ್ಡದ ಹಿಂದೆ ಹೋಗಿರ್ತಾನೆ, ಮರದ ಕೆಳಗೆ ಇನ್ನೂ ಮಬ್ಬು, ಮೇಲಿನ ತಣ್ಣನೆ ಗಾಳಿ ನೀರಿನ ಹಾಗೆ ಕೆಳಗಿಳಿದು ಕಣಿವೇಲಿ ತುಂಬ್ಕೊಳತ್ತೆ. ಆ ಫೋನೂ ಸಿಗ್ನಲ್ ಹುಡ್ಕಿ ಹುಡ್ಕಿ ಅರ್ಧ ದಾರೀಲೇ ಬ್ಯಾಟರಿ ಕಳ್ಕೊಂಡಿರತ್ತೆ. ಫ್ಲೈಟ್ ಮೋಡಿಗೆ ಹಾಕಿಡೋದು ಒಳ್ಳೇದು, ಟೈಮ್ ಟೇಬಲ್ ಮಾತ್ರ ಕಾಗದದ ಮೇಲೆ ಬರ್ಕೊಳ್ಳಿ, ನಕ್ಷತ್ರ ಸಮೇತ.

ಇಷ್ಟೆಲ್ಲ ದಾಟಿ ಬಸ್ ಸ್ಟಾಪಿಗೆ ಬಂದು ಕೂತಾಗ ಇನ್ನೊಂದು ಗೋಳು. ದೂರದಲ್ಲಿ ಬಸ್ ಬರೋ ಸದ್ದೂ, ಮರಗಳ ಆಚೆ ಹೊಳೆ ಹರಿಯೋ ಸದ್ದೂ ಒಂದೇ ಥರ. ಗಾಳಿ ಈ ಕಡೆ ತಿರುಗ್ದಾಗೆಲ್ಲ ಬಸ್ ಬಂತು ಅಂತ ಎದ್ದು ಬ್ಯಾಗ್ ಹಾಕ್ಕೊಂಡು ರಸ್ತೆಗೆ ಬರ್ತೀನಿ, ನೋಡಿದ್ರೆ ಹೊಳೆ. ಕೂರ್ತೀನಿ. ಮತ್ತೆ ಏಳ್ತೀನಿ, ಮತ್ತೆ ಹೊಳೆ. ಹೋದ ಸಲ ನಾಲ್ಕು ಸಲ ಹೀಗೆ ಎದ್ದು ಕೂತು ಸಾಕಾಗಿ, ಐದನೇ ಸಲ ಹೊಳೆನೇ ಇರ್ಬೇಕು ಅಂತ ಆರಾಮಾಗಿ ಬೂಟು ಬಿಚ್ಚಿ ಸಾಕ್ಸ್ ಹಿಂಡ್ತಾ ಕೂತಿದ್ದೆ. ಡ್ರೈವರ್ ಬಾಗಿಲು ತೆಗೆದು, ಒಂದು ಕಾಲಲ್ಲಿ ಬೂಟು, ಇನ್ನೊಂದು ಬೂಟು ಕೈಯಲ್ಲಿ ಹಿಡ್ಕೊಂಡು ಕುಂಟ್ತಾ ಓಡಿ ಬರೋ ನನ್ನ ನೋಡ್ತಾ, ಪಾಪ, ನಗು ತಡ್ಕೊಂಡು ಕಾಯ್ತಾ ಇದ್ರು.