ಕಚೇರಿ ವೇಳೆಯಲ್ಲಿ ಮಾತ್ರ ಉಸಿರಾಡತಕ್ಕದ್ದು

ಬೆಂಗಳೂರಿನ ನಮ್ಮ ಬಡಾವಣೆಯ ಕೆರೆಯ ಮೀನುಗಳಿಗೆ ಕೊನೆಗೂ ಸರ್ಕಾರಿ ಉಸಿರು ಮಂಜೂರಾಗಿದೆ. ನೀರಿನಲ್ಲಿ ತೇಲುತ್ತ ಅದಕ್ಕೆ ಗಾಳಿ ಬೆರೆಸುವ ಏರೇಟರ್, ದಡದಲ್ಲಿ ಕಬ್ಬಿಣದ ಕಾಲಿನ ಮೇಲೆ ಸೌರಫಲಕ. ಗಣ್ಯರು ಸುಡು ಬಿಸಿಲಿನಲ್ಲಿ ಗುಂಡಿ ಒತ್ತಿದರು, ನೀರು ಛತ್ರಿಯಂತೆ ಬಿಚ್ಚಿಕೊಂಡಿತು, ಚಪ್ಪಾಳೆ ಬಿತ್ತು. ಕರೆಂಟ್ ಬಿಲ್ ಇಲ್ಲ, ಹೊಗೆ ಇಲ್ಲ, ಸದ್ದಿಲ್ಲ ಎಂದು ಭಾಷಣವಾಯಿತು. ಬ್ಯಾಟರಿಯೂ ಇಲ್ಲ ಎನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ.

ಮೀನು ಸಾಕುವ ಯಾವ ರೈತನನ್ನಾದರೂ ಕೇಳಿ. ಹಗಲಿನಲ್ಲಿ ಪಾಚಿಯೇ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ಹಸಿರುಗಟ್ಟಿದ ಕೆರೆಯಲ್ಲಿ ನಡುಹಗಲು ಅದಕ್ಕೆ ಬರವಿಲ್ಲ. ಕತ್ತಲಾದರೆ ಅದೇ ಪಾಚಿ ಬಡ್ಡಿಗೆ ಸಾಲ ಕೊಟ್ಟವನಂತೆ ಆಮ್ಲಜನಕದ ವಸೂಲಿಗೆ ಇಳಿಯುತ್ತದೆ. ಕೊಳಚೆ ಅರಗಿಸುವ ಬ್ಯಾಕ್ಟೀರಿಯಾಗಳ ಪಾಲು ಬೇರೆ. ಕಾಟ್ಲಾ, ರೋಹು ನೆಮ್ಮದಿಯಾಗಿರಲು ಲೀಟರ್ ನೀರಿಗೆ ಸುಮಾರು 5 ಮಿಲಿಗ್ರಾಂ ಆಮ್ಲಜನಕ ಬೇಕು. ಸೂರ್ಯ ಹುಟ್ಟುವ ಮುನ್ನ ಅದು ತಳ ಕಾಣುತ್ತದೆ, ಮೀನುಗಳು ಬಾಯಿ ಮೇಲೆತ್ತಿ ಗಾಳಿಗೆ ಬಾಯಿ ಬಿಡುತ್ತವೆ. ನಮ್ಮ ಯಂತ್ರ ಆಗ ಗಾಢ ನಿದ್ರೆಯಲ್ಲಿರುತ್ತದೆ.

ದೂರು ಕೊಡಲು ಹೋದೆ.

“ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಚೆನ್ನಾಗಿಯೇ ಓಡುತ್ತಿದೆಯಲ್ಲ?” ಎಂದರು ಎಂಜಿನಿಯರ್.

“ಮೀನು ಸಾಯುವುದು ಬೆಳಗಿನ ಜಾವ, ಸಾರ್.”

“ಆ ವೇಳೆ ಅಂದಾಜುಪಟ್ಟಿಯಲ್ಲಿ ಇಲ್ಲ.”

ನೀರಿನ ಪರೀಕ್ಷಾ ವರದಿಯನ್ನೂ ತೋರಿಸಿದರು. ಮಾದರಿ ತೆಗೆದ ಸಮಯ: ಮಧ್ಯಾಹ್ನ 1 ಗಂಟೆ. ಆಮ್ಲಜನಕ: ತೃಪ್ತಿಕರ. ಊಟ ಮುಗಿಸಿ ಎಲೆಯ ಮುಂದೆ ಕೂತವನನ್ನು ಹಸಿವಿದೆಯೇ ಎಂದು ಕೇಳಿ ಬರೆದುಕೊಂಡ ಹಾಗೆ.

ಇನ್ನು ಮೂಗಿಗಿಂತ ಮೂಗುತಿ ಭಾರ ಎನ್ನುವಂತೆ, ಸೌರಫಲಕಕ್ಕಿಂತ ಅದರ ಸ್ವಾಗತದ ಫ್ಲೆಕ್ಸ್ ದೊಡ್ಡದು. ಅದನ್ನು ಕಟ್ಟಿದ್ದು ಫಲಕದ ಪಡುವಣ ಮಗ್ಗುಲಿಗೆ. ಹೊತ್ತು ವಾಲಿದರೆ ಸಾಕು, ಕೈಮುಗಿದು ನಗುತ್ತಿರುವವರ ನೆರಳು ಗಾಜಿನ ಮೇಲೆ ಚಾಚುತ್ತದೆ. ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ಸಾಲಿಗೆ ಸಾಲೇ ಸೊರಗುತ್ತದೆ. ಮೊದಲು ಮೊಣಕೈ, ಆಮೇಲೆ ಮೀಸೆ. ಮೀಸೆ ತಲುಪುವ ಹೊತ್ತಿಗೆ ಕಾರಂಜಿ ಕೆಮ್ಮತೊಡಗುತ್ತದೆ. ಫ್ಲೆಕ್ಸ್ ಬಿಚ್ಚುವ ಧೈರ್ಯ ಯಾರಿಗಿದೆ?

ನಮ್ಮದು ಸಾಧಾರಣ ಊರೇನಲ್ಲ. ಬೆಳ್ಳಂದೂರಿನಲ್ಲಿ ಕೆರೆಗೇ ಬೆಂಕಿ ಬಿದ್ದಿತ್ತು. 2018ರ ಜನವರಿಯಲ್ಲಿ ಅದನ್ನು ಆರಿಸಲು ಸೈನಿಕರೇ ಇಳಿಯಬೇಕಾಯಿತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ತುಂಬ ಸತ್ತ ಮೀನು ತೇಲಿದ್ದವು. ಕೆರೆಗೆ ಕೊಳಚೆ ಬರುವುದನ್ನು ನಿಲ್ಲಿಸದೆ ಗಾಳಿ ಊದಿದರೆ ಏನು ಬಂತು ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ನಮ್ಮ ಕೆರೆಯ ಆಚೆ ದಡದಲ್ಲಿ ರಾಜಕಾಲುವೆ ಕಪ್ಪು ನೊರೆ ಉಗುಳುತ್ತ ಬೀಳುತ್ತದೆ. ಅದಕ್ಕೆ ಬ್ಯಾಟರಿ ಬೇಕಿಲ್ಲ, ಬಿಸಿಲು ಬೇಕಿಲ್ಲ, ಟೆಂಡರೂ ಬೇಕಿಲ್ಲ. ಇಪ್ಪತ್ನಾಲ್ಕು ಗಂಟೆಯೂ ಸೇವೆ. ಉದ್ಘಾಟನೆಯ ದಿನ ಶಾಮಿಯಾನದ ಬೆನ್ನನ್ನು ಆ ಕಡೆಗೆ ತಿರುಗಿಸಿ ಹಾಕಿಸಿದ್ದರು.

ಮೊನ್ನೆ ಬೆಳಗಿನ ನಡಿಗೆಗೆ ಹೋದಾಗ ಕಾವಲುಗಾರ ಸೊಂಟಮಟ್ಟ ನೀರಿನಲ್ಲಿ ನಿಂತು ಸತ್ತ ಮೀನುಗಳನ್ನು ಬುಟ್ಟಿಗೆ ತುಂಬುತ್ತಿದ್ದ. ಜನ ಬರುವ ಮೊದಲೇ ತೆಗೆದುಬಿಡಬೇಕೆಂದು ಆಜ್ಞೆಯಂತೆ. ಮೊಳದುದ್ದದ ಕಾಟ್ಲಾ ಒಂದನ್ನು ಎತ್ತಿ ಹಿಡಿದ. ಬಾಯಿ ಇನ್ನೂ ತೆರೆದೇ ಇತ್ತು. ದಡದ ಯಂತ್ರದ ಕಡೆ ಒಮ್ಮೆ ನೋಡಿ ಹೇಳಿದ:

“ಒಂಬತ್ತು ಗಂಟೆಯವರೆಗೆ ಉಸಿರು ಬಿಗಿಹಿಡಿದಿದ್ದರೆ ಉಳಿದುಕೊಳ್ಳುತ್ತಿತ್ತು ಸಾರ್.”