ಟ್ರೀಮ್ಯಾಪ್ ಎಕ್ಸ್‌ಟೆಂಡ್ ಮಾಡೋದು ಬಿಡ್ರಪ್ಪಾ

ಜಾವಾದಲ್ಲಿ ಟ್ರೀಮ್ಯಾಪ್ ಅಂದರೆ ಕೀ-ವ್ಯಾಲ್ಯೂ ಜೋಡಿಗಳನ್ನು ಕೀ ಕ್ರಮದಲ್ಲಿ ಇಟ್ಟುಕೊಳ್ಳೋ ರೆಡಿಮೇಡ್ ಕ್ಲಾಸ್; ಎಕ್ಸ್‌ಟೆಂಡ್ ಅಂದರೆ ಅದರ ಗುಣವನ್ನೆಲ್ಲ ಪಡೆದು ಅದರ ಮೇಲೇ ನಮ್ಮ ಕ್ಲಾಸ್ ಕಟ್ಟೋದು. ಇವತ್ತು ಮತ್ತೊಂದು ಕೋಡ್ ರಿವ್ಯೂ, ಮತ್ತೆ ಅದೇ ಸಾಲು: ‘ಕ್ಲಾಸ್ ಆಡಿಟ್‌ಮ್ಯಾಪ್ ಎಕ್ಸ್‌ಟೆಂಡ್ಸ್ ಟ್ರೀಮ್ಯಾಪ್’. ಕೆಳಗೆ, ಜೋಡಿಯನ್ನು ಮ್ಯಾಪ್ ಒಳಗೆ ಹಾಕೋ ಪುಟ್ ಮೆಥಡ್ ಒಂದನ್ನೇ ಓವರ್‌ರೈಡ್ ಮಾಡಿ, ಒಳಗೊಂದು ಲಾಗ್ ಸಾಲು ಸೇರಿಸಿ, "ಬೆಲೆ ಬದಲಾದಾಗಲೆಲ್ಲ ದಾಖಲಾಗುತ್ತೆ" ಅಂತ ಕಾಮೆಂಟ್ ಬೇರೆ. ದಾಖಲಾಗಲ್ಲ ಮಾರಾಯ! ನನ್ನ ಜೊತೆ ಕೆಲಸ ಮಾಡಿದವರಿಗೆ ಗೊತ್ತು, ಈ ವಿಷಯ ಬಂದರೆ ನನ್ನ ಕಾಫಿ ಆರಿಹೋಗುತ್ತೆ.

ಯಾಕೆ ದಾಖಲಾಗಲ್ಲ ಕೇಳಿ. ಜಾವಾ 8ರಲ್ಲಿ ವ್ಯಾಲ್ಯೂ ಬದಲಿಸೋ ಮರ್ಜ್, ಕಂಪ್ಯೂಟ್ ಮೆಥಡ್‌ಗಳೆಲ್ಲ ಡೀಫಾಲ್ಟ್ ಕೋಡ್ ಸಮೇತ, ಎಲ್ಲ ಮ್ಯಾಪ್‌ಗಳೂ ಪಾಲಿಸೋ ಮ್ಯಾಪ್ ಇಂಟರ್‌ಫೇಸಿಗೇ ಬಂದವು. ಟ್ರೀಮ್ಯಾಪ್ ಆಗ ಅವನ್ನು ತಾನೇ ಬರೆದುಕೊಂಡಿರಲಿಲ್ಲ, ಹಾಗಾಗಿ ಅವು ಕೊನೆಗೆ ಪುಟ್ ಅನ್ನೇ ಕರೆಯುತ್ತಿದ್ದವು. ಜಾವಾ 15ರಲ್ಲಿ ಟ್ರೀಮ್ಯಾಪ್‌ಗೆ ತನ್ನದೇ ಮರ್ಜ್ ಬಂತು, ಅದು ಪುಟ್ ಅನ್ನು ಕರೆಯೋದೇ ಇಲ್ಲ. ಅಂದರೆ 11ರಲ್ಲಿ ಸರಿಯಾಗಿ ಓಡುತ್ತಿದ್ದ ಇದೇ ಕ್ಲಾಸು 17ಕ್ಕೆ ಹೋದ ದಿನ ಬಾಯಿ ಮುಚ್ಚಿಕೊಳ್ಳುತ್ತೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಬೆಲೆ ಬದಲಾಗ್ತಾನೇ ಇರುತ್ತೆ, ಲಾಗ್ ಖಾಲಿ.

ಇನ್ನೊಂದು ಮ್ಯಾಪಿನಲ್ಲಿರೋದನ್ನೆಲ್ಲ ಒಟ್ಟಿಗೆ ಹಾಕೋ ಪುಟ್‌ಆಲ್ ಇನ್ನೂ ತಮಾಷೆ. ಕ್ರಮ ಇಲ್ಲದ ಹ್ಯಾಶ್‌ಮ್ಯಾಪ್ ಕೊಟ್ಟರೆ ಒಂದೊಂದಕ್ಕೂ ಪುಟ್ ಕರೆಯುತ್ತೆ. ನಮ್ಮದು ಖಾಲಿ ಇದ್ದು, ಅದೇ ಕಂಪ್ಯಾರೇಟರ್ (ಕ್ರಮ ನಿರ್ಧರಿಸೋ ನಿಯಮ) ಇರೋ ಇನ್ನೊಂದು ಟ್ರೀಮ್ಯಾಪ್ ಕೊಟ್ಟರೆ ಪುಟ್ ಗೊಡವೆಗೇ ಹೋಗದೆ ನೇರವಾಗಿ ಮರ ಕಟ್ಟಿಬಿಡುತ್ತೆ. ಟೆಸ್ಟ್‌ನಲ್ಲಿ ಕೊಟ್ಟಿದ್ದು ಹ್ಯಾಶ್‌ಮ್ಯಾಪ್. ಹಸಿರು ಟಿಕ್ ಬಂತು. ಸಂತೋಷ.

ಡೆಕೋರೇಟರ್ ಅಂತ ಒಂದಿದೆ ಅಲ್ವಾ? ಸಾರ್ಟೆಡ್‌ಮ್ಯಾಪ್ ಇಂಟರ್‌ಫೇಸ್ ಇಂಪ್ಲಿಮೆಂಟ್ ಮಾಡಿ, ಅಸಲಿ ಮ್ಯಾಪನ್ನು ಒಳಗಿಟ್ಟುಕೊಂಡು, ಬಂದ ಕರೆಯನ್ನು ಅದಕ್ಕೆ ದಾಟಿಸೋದು, ದಾಟಿಸೋ ಮೊದಲು ನಮ್ಮ ಕೆಲಸ ಮಾಡಿಕೊಳ್ಳೋದು. ಇಲ್ಲಿ ಮರ್ಜ್ ಅನ್ನು ಮುಟ್ಟದೆ ಬಿಟ್ಟರೂ ಇಂಟರ್‌ಫೇಸಿನ ಡೀಫಾಲ್ಟ್ ಓಡುತ್ತೆ, ಅದು ನಮ್ಮ ಪುಟ್‌ಗೇ ಬರುತ್ತೆ. ಒಳಗಿನ ಟ್ರೀಮ್ಯಾಪ್ ನಾಳೆ ಏನು ಬದಲಾದರೂ ನಮಗೇನು?

ಪಾಪ, ಕಾಲೇಜಿನಲ್ಲಿ ಎಲ್ಲರಿಗೂ ಹೇಳಿಕೊಡೋದೇ ‘ಡಾಗ್ ಎಕ್ಸ್‌ಟೆಂಡ್ಸ್ ಅನಿಮಲ್’. ಜಾವಾ ಬರೆದವರೇ ಮೊದಲ ವರ್ಷನ್ನಲ್ಲಿ ಸೆಟ್ಟಿಂಗ್‌ಗಳನ್ನು ಇಡೋ ಪ್ರಾಪರ್ಟೀಸ್ ಕ್ಲಾಸನ್ನು ಹ್ಯಾಶ್‌ಟೇಬಲ್‌ನಿಂದ ಎಕ್ಸ್‌ಟೆಂಡ್ ಮಾಡಿದರು. ಬರೀ ಸ್ಟ್ರಿಂಗ್ ಇರಬೇಕಾದ ಕಡೆ ಇವತ್ತಿಗೂ ಒಂದು ಇಂಟಿಜರ್ ಪುಟ್ ಮಾಡಿ ನೋಡಿ, ಸುಮ್ನೆ ಒಳಗೆ ಹೋಗುತ್ತೆ. ಫೈಲಿಗೆ ಸ್ಟೋರ್ ಮಾಡೋವಾಗ ಸಿಡಿಯುತ್ತೆ. ಪುಟ್ ಬಳಸಬೇಡಿ ಅಂತ ಅದರ ಡಾಕ್ಯುಮೆಂಟೇಶನ್ನೇ ಬೇಡಿಕೊಳ್ಳುತ್ತೆ.

"ಅಷ್ಟೊಂದು ಮೆಥಡ್ ಯಾರು ಬರೀತಾರೆ ಸರ್, ಎಕ್ಸ್‌ಟೆಂಡ್ಸ್ ಆದ್ರೆ ಐದು ಸಾಲು." ಹೌದಪ್ಪ, ನೀನು ಬರೆಯಬೇಕಾಗಿಲ್ಲ. ಗೂಗಲ್‌ನ ಗ್ವಾವಾ ಲೈಬ್ರರಿಯಲ್ಲಿ ಕರೆಗಳನ್ನೆಲ್ಲ ದಾಟಿಸೋ ಫಾರ್ವರ್ಡಿಂಗ್‌ಸಾರ್ಟೆಡ್‌ಮ್ಯಾಪ್ ಇದೆ. ಪುಟ್ ಬದಲಿಸಿದರೆ ಪುಟ್‌ಆಲ್ ಒಳಗೆ ಸ್ಟ್ಯಾಂಡರ್ಡ್‌ಪುಟ್‌ಆಲ್ ಕರೆದರಾಯ್ತು. ಕಾಟ್ಲಿನ್ ಭಾಷೆ ಆದರೆ ‘ಬೈ’ ಅನ್ನೋ ಒಂದು ಪದವೇ ಮುಕ್ಕಾಲು ಕೆಲಸ ಮಾಡುತ್ತೆ. ಇನ್ನೊಂದು ಕರೆ ಜಾಸ್ತಿ ಆಗಿ ನಿಧಾನ ಆಗುತ್ತಂತೆ! ಡೇಟಾಬೇಸಿಗೆ ಲೂಪ್ ಒಳಗೆ ಕ್ವೆರಿ ಹೊಡೆಯೋರು ಈ ಮಾತು ಆಡಬಾರದು. ಇಂಥದ್ದು ಪ್ರೊಡಕ್ಷನ್‌ನಲ್ಲಿ ಕೈಕೊಟ್ಟಾಗ ರಾತ್ರಿ ಫೋನ್ ಬರೋದು ನನಗೆ, ಅದಕ್ಕೇ ಇಷ್ಟು ಕೂಗಾಡ್ತಿರೋದು.

ಡೆಕೋರೇಟರ್‌ನ ಅಸಲಿ ಕಷ್ಟವನ್ನು ಮಾತ್ರ ಯಾರೂ ಎತ್ತಲ್ಲ. ಮ್ಯಾಪಿನ ಒಂದು ಭಾಗವನ್ನು ಕೊಡೋ ಹೆಡ್‌ಮ್ಯಾಪ್, ಟೇಲ್‌ಮ್ಯಾಪ್, ಸಬ್‌ಮ್ಯಾಪ್ ಕರೆಯನ್ನು ಹಾಗೇ ದಾಟಿಸಿದರೆ ಒಳಗಿನ ಮ್ಯಾಪಿನ ತುಂಡು ಬರಿಮೈಯಲ್ಲಿ ಹೊರಗೆ ಬರುತ್ತೆ. ಅದರ ಮೂಲಕ ಪುಟ್ ಮಾಡಿದರೆ ನಮ್ಮ ಲಾಗ್‌ಗೆ ಸುದ್ದಿಯೇ ಇಲ್ಲ. ಜಾವಾದ ಬದಲಿಸಲಾಗದ ಮ್ಯಾಪ್, ಅನ್‌ಮಾಡಿಫೈಯಬಲ್‌ಸಾರ್ಟೆಡ್‌ಮ್ಯಾಪ್‌ನ ಸೋರ್ಸ್ ತೆಗೆದು ನೋಡಿ, ಹೆಡ್‌ಮ್ಯಾಪ್ ಕೊಡೋವಾಗ ಅದನ್ನೂ ಹೊಸ ಅನ್‌ಮಾಡಿಫೈಯಬಲ್‌ಸಾರ್ಟೆಡ್‌ಮ್ಯಾಪ್ ಒಳಗೆ ಸುತ್ತಿಯೇ ಕೊಡ್ತಾರೆ. ಎಷ್ಟು ನೀಟಾಗಿದೆ! ಎಂಟ್ರಿಸೆಟ್‌ನಿಂದ (ಎಲ್ಲ ಜೋಡಿಗಳ ಪಟ್ಟಿ) ಬರೋ ಎಂಟ್ರಿಯ ವ್ಯಾಲ್ಯೂ ಬದಲಿಸೋ ಸೆಟ್‌ವ್ಯಾಲ್ಯೂ ಕೂಡ ಕಟ್ಟಿಹಾಕಿದ್ದಾರೆ.

ಇಷ್ಟೆಲ್ಲ ಬೇಡ ಅನ್ನಿಸಿದರೆ ಮ್ಯಾಪ್ ಆಗೋ ಆಸೆಯನ್ನೇ ಬಿಡಿ. ಬೆಲೆಪಟ್ಟಿ ಅಂತ ಸ್ವಂತ ಕ್ಲಾಸ್ ಮಾಡಿ, ಬೆಲೆ ಕೇಳೋಕೊಂದು, ಬದಲಿಸೋಕೊಂದು ಮೆಥಡ್ ಇಡಿ, ನಾನು ಕಣ್ಣು ಮುಚ್ಚಿ ಅಪ್ರೂವ್ ಮಾಡ್ತೀನಿ.